ಅನುಭವಿ ಪೈಲಟ್‌ಗಳ ನೇಮಕಾತಿ: ವಿಮಾನಯಾನ ಸಂಸ್ಥೆಗಳು ಪರಿಶೀಲಿಸುವ ಅಂಶಗಳು

ಹುಲಿಹೈದರ ಸೇರಿದಂತೆ ಕೊಪ್ಪಳ ಜಿಲ್ಲೆಯ ಅರ್ಹ ಯುವಜನರು ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಲ್ಲಾಗಲಿ, ಮಾನ್ಯತೆ ಪಡೆದ ಇತರ ಶಾಲೆಗಳಲ್ಲಾಗಲಿ ತರಬೇತಿ ಹೊಂದಿ, 200 ಗಂಟೆಗಳ ಹಾರಾಟ ಪೂರೈಸಿ, ನಿಗದಿತ ಪರೀಕ್ಷೆಗಳಲ್ಲಿ ಉತ್ತೀರ್ಣರಾಗಿ ವಾಣಿಜ್ಯ ಪೈಲಟ್ ಪರವಾನಗಿ ಪಡೆಯಬಹುದಾಗಿದೆ. ಮುಂದೆ ಅನುಭವಿ ಪೈಲಟ್ ಆಗಿ ಬೇರೊಂದು ಸಂಸ್ಥೆಗೆ ಅರ್ಜಿ ಸಲ್ಲಿಸುವಾಗ ಒಟ್ಟು ಹಾರಾಟದ ಗಂಟೆಗಳಷ್ಟೇ ಸಾಲುವುದಿಲ್ಲ. ಆ ಗಂಟೆಗಳು ಯಾವ ವಿಮಾನದ್ದು, ಎಷ್ಟು ಇತ್ತೀಚಿನದು, ದಾಖಲೆಯಿಂದ ದೃಢಪಡುವುದೇ ಎಂಬುದನ್ನೂ ಪರಿಶೀಲಿಸಲಾಗುತ್ತದೆ.

1. ಪರವಾನಗಿ: ಕಮಾಂಡರ್ ಹುದ್ದೆಗೆ ವಿಮಾನ ಸಾರಿಗೆ ಪೈಲಟ್ ಪರವಾನಗಿ ಅಗತ್ಯ. ಇದಕ್ಕೆ ಕನಿಷ್ಠ 21 ವರ್ಷ ವಯಸ್ಸು ಹಾಗೂ 1500 ಗಂಟೆಗಳ ಹಾರಾಟ ಆಗಿರತಕ್ಕದ್ದು. ಕಮಾಂಡರ್ ಆಗಿ ನಿರ್ವಹಿಸಿದ ಗಂಟೆಗಳನ್ನು ಪ್ರತ್ಯೇಕವಾಗಿ ಎಣಿಸಲಾಗುತ್ತದೆ.

2. ವಿಮಾನದ ಮಾದರಿ: ದೊಡ್ಡ ವಿಮಾನಗಳ ಪ್ರತಿ ಮಾದರಿಗೂ ಪ್ರತ್ಯೇಕ ಟೈಪ್ ರೇಟಿಂಗ್ ಬೇಕು. ಬೆಂಗಳೂರಿನ ಯುಬಿ ಸಮೂಹದ ಕಿಂಗ್‌ಫಿಶರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿತು. ಅದರಲ್ಲಿ ಏರ್‌ಬಸ್ ಎ320 ಹಾಗೂ ಎಟಿಆರ್ ವಿಮಾನಗಳಿದ್ದವು. ಇಂತಹ ಸಂದರ್ಭದಲ್ಲಿ ಎ320 ರೇಟಿಂಗ್ ಉಳ್ಳವರು ಅದೇ ಮಾದರಿಯ ಸಂಸ್ಥೆಗೆ ಬೇಗ ಉಪಯುಕ್ತರಾಗುತ್ತಾರೆ. ಎಟಿಆರ್ ರೇಟಿಂಗ್ ಮಾತ್ರ ಉಳ್ಳವರಿಗೆ ಅಲ್ಲಿ ಹೊಸದಾಗಿ ತರಬೇತಿ ನೀಡಬೇಕಾಗುತ್ತದೆ.

3. ಇತ್ತೀಚಿನ ಹಾರಾಟ: ದೀರ್ಘಕಾಲ ಹಾರಾಟ ನಡೆಸದವರು ಸಿಮ್ಯುಲೇಟರ್ ತರಬೇತಿ ಹಾಗೂ ಕೌಶಲ್ಯ ಪರೀಕ್ಷೆಗೆ ಮತ್ತೆ ಒಳಪಡಬೇಕು. ಆದುದರಿಂದ ಉದ್ಯೋಗ ತಪ್ಪಿದಾಗ ವಿಳಂಬವಿಲ್ಲದೆ ಅರ್ಜಿ ಸಲ್ಲಿಸುವುದು ಒಳಿತು.

4. ಆರೋಗ್ಯ: ಪ್ರಥಮ ದರ್ಜೆ ವೈದ್ಯಕೀಯ ಪ್ರಮಾಣಪತ್ರ ಚಾಲ್ತಿಯಲ್ಲಿರಬೇಕು.

5. ದಾಖಲೆಗಳು: ಲಾಗ್ ಬುಕ್, ಅಪಘಾತ ಹಾಗೂ ಶಿಸ್ತುಕ್ರಮಗಳ ವಿವರಗಳನ್ನು ತಾಳೆ ನೋಡಲಾಗುತ್ತದೆ. ನಕಲಿ ಅಂಕಪಟ್ಟಿಯಿಂದ ಪರವಾನಗಿ ಪಡೆದ ಆರೋಪದಡಿ 2011ರಲ್ಲಿ ದೇಶದಲ್ಲಿ ಕೆಲವು ಪೈಲಟ್‌ಗಳ ಬಂಧನವಾಗಿತ್ತು. ಸುಳ್ಳು ನಮೂದು ಉದ್ಯೋಗವನ್ನಷ್ಟೇ ಅಲ್ಲ, ಪರವಾನಗಿಯನ್ನೂ ಕಳೆಯಬಲ್ಲದು.

6. ಬಿಡುಗಡೆ: ಹಿಂದಿನ ಸಂಸ್ಥೆಯ ನಿರಾಕ್ಷೇಪಣಾ ಪತ್ರವನ್ನು ಹೊಸ ಸಂಸ್ಥೆ ಕೇಳುತ್ತದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2017ರಲ್ಲಿ ರಾಜೀನಾಮೆಯ ಪೂರ್ವಸೂಚನಾ ಅವಧಿಯನ್ನು ಕಮಾಂಡರ್‌ಗಳಿಗೆ ಒಂದು ವರ್ಷ, ಸಹಪೈಲಟ್‌ಗಳಿಗೆ ಆರು ತಿಂಗಳು ಎಂದು ನಿಗದಿಪಡಿಸಿತು. ರಾಜೀನಾಮೆಗೆ ಮುನ್ನ ಜಾರಿಯಲ್ಲಿರುವ ನಿಯಮವನ್ನೂ ತಮ್ಮ ಕರಾರುಪತ್ರವನ್ನೂ ಪರಿಶೀಲಿಸತಕ್ಕದ್ದು.

ತರಬೇತಿಯ ಮೊದಲ ದಿನದಿಂದಲೇ ಪ್ರತಿ ಹಾರಾಟವನ್ನು ಲಾಗ್ ಬುಕ್‌ನಲ್ಲಿ ಸರಿಯಾಗಿ ನಮೂದಿಸಿ, ಸಂಬಂಧಿಸಿದವರ ದೃಢೀಕರಣ ಪಡೆದಿಟ್ಟುಕೊಳ್ಳಲು ಅಭ್ಯರ್ಥಿಗಳಿಗೆ ಸೂಚಿಸಲಾಗಿದೆ.