ಸರಸ್ವತೀ ಭಂಡಾರದ ಗುಟ್ಟು
ಮಕ್ಕಳ ಪತ್ತೇದಾರಿ ಕಥೆಗಳೂ ಪುಸ್ತಕದ ಪ್ರೀತಿಯೂ

ಹೊಟ್ಟೆಯ ಹಸಿವು ತಾನಾಗಿ ಹುಟ್ಟುತ್ತದೆ. ಓದಿನ ಹಸಿವನ್ನು ಹುಟ್ಟಿಸಬೇಕಾಗುತ್ತದೆ. ಪ್ರವಚನ ಮುಗಿದು ಸದ್ಭಕ್ತರ ಮನೆಯಲ್ಲಿ ಕುಳಿತಾಗ ತಾಯಂದಿರು ನಮ್ಮ ಮುಂದೆ ಎರಡು ದೂರುಗಳನ್ನು ಇಡುವುದುಂಟು. "ನಮ್ಮ ಹುಡುಗರು ಪುಸ್ತಕವನ್ನೇ ಹಿಡಿಯುವುದಿಲ್ಲ" ಎಂಬುದು ಮೊದಲನೆಯದು. "ಹಿಡಿದರೂ ಕಳ್ಳರನ್ನು ಹಿಡಿಯುವ ಪತ್ತೇದಾರಿ ಕಥೆಯನ್ನೇ ಹಿಡಿಯುತ್ತಾರೆ" ಎಂಬುದು ಎರಡನೆಯದು. ಈ ಎರಡನ್ನೂ ಜೊತೆಗಿಟ್ಟು ನೋಡಿದರೆ, ಮೊದಲನೆಯ ದೂರಿಗೆ ಎರಡನೆಯದರಲ್ಲಿಯೇ ಮದ್ದು ಇರುವುದು ನಮಗೆ ಕಾಣುತ್ತದೆ.

ಪತ್ತೇದಾರಿ ಕಥೆ ಮಗುವಿಗೆ ಕೊಡುವುದು ಒಂದು ಪ್ರಶ್ನೆಯನ್ನು. ಪ್ರಶ್ನೆ ಮನಸ್ಸನ್ನು ಹೊಕ್ಕ ಮೇಲೆ ಮಗು ಸುಮ್ಮನೆ ಕೂಡಲಾರದು. ಉತ್ತರವು ಪುಸ್ತಕದಲ್ಲಿದೆ ಎಂದು ತಿಳಿದರೆ ಅದು ಪುಸ್ತಕದ ಬಾಗಿಲನ್ನು ತಾನೇ ತಟ್ಟುತ್ತದೆ; ಯಾರೂ ಕೈಹಿಡಿದು ಎಳೆಯಬೇಕಾಗಿಲ್ಲ.

ಇಟಗಿಯ ಕಲ್ಲಿನ ಮುಂದೆ

ಈಗಿನ ಕುಕನೂರು ತಾಲೂಕಿನ ಇಟಗಿಯ ಮಹಾದೇವ ದೇವಾಲಯವನ್ನು ಓದುಗರಲ್ಲಿ ಅನೇಕರು ಕಂಡಿದ್ದಾರೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಕಟ್ಟಿಸಿದ ಈ ಗುಡಿಯನ್ನು ಅಲ್ಲಿನ 1112ರ ಶಾಸನವು 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ಗುಡಿಯು ಬಳಪದ ಕಲ್ಲಿನದು. ನಮ್ಮ ಬಾಲ್ಯದಲ್ಲಿ ಪಾಟಿಯ ಮೇಲೆ ಓನಾಮ ತಿದ್ದಲು ಹಿಡಿದ ಬಳಪವೂ ಆ ಜಾತಿಯ ಕಲ್ಲೇ ಆಗಿತ್ತು.

ಒಮ್ಮೆ ಆ ಆವರಣದಲ್ಲಿ ನಾವು ನಿಂತಿದ್ದಾಗ ಶಾಲೆ ಬಿಟ್ಟು ಬಂದ ನಾಲ್ಕಾರು ಮಕ್ಕಳು ನಮ್ಮನ್ನು ಸುತ್ತುವರಿದರು. ಅವರಲ್ಲೊಬ್ಬ ಹುಡುಗ ಶಾಸನದ ಸಾಲುಗಳ ಮೇಲೆ ಬೆರಳಾಡಿಸಿ, "ಅಜ್ಜಾರ, ಇದರಾಗ ಏನ್ ಬರದೈತ್ರೀ?" ಎಂದನು. ಅವನ ಹಿಂದೆ ನಿಂತ ಹುಡುಗಿ, "ಯಾರು ಬರಸ್ಯಾರ್ರೀ? ಯಾಕ ಬರಸ್ಯಾರ್ರೀ?" ಎಂದು ಇನ್ನೆರಡು ಸೇರಿಸಿದಳು. ಏನು, ಯಾರು, ಏಕೆ: ಪತ್ತೇದಾರನು ಕೇಳುವ ಪ್ರಶ್ನೆಗಳೂ ಇವೇ. ನಾವು ಉತ್ತರ ಹೇಳಿಬಿಡಬಹುದಾಗಿತ್ತು. ಹೇಳದೆ, "ಈ ಕಲ್ಲಿನ ಮಾತನ್ನು ತಿಳಿದವರು ಓದಿ ಪುಸ್ತಕದಾಗ ಅಚ್ಚು ಹಾಕಿಸ್ಯಾರ, ತಮ್ಮಾ. ಅದು ಯಾವ ಪುಸ್ತಕ ಅಂತ ನಿಮ್ಮ ಗುರುಗಳನ್ನ ಕೇಳಿ ಹುಡುಕ್ರಿ" ಎಂದೆವು. ಮಕ್ಕಳ ಕಣ್ಣಿನಲ್ಲಿ ಮೂಡಿದ ಹೊಳಪು ಉತ್ತರವನ್ನು ಹೇಳಿದ್ದರೆ ಮೂಡುತ್ತಿರಲಿಲ್ಲ.

ಇದೇ ಸೀಮೆಯ ದ್ಯಾಂಪುರದಲ್ಲಿ 1918ರಲ್ಲಿ ಜನಿಸಿದ ಕಾವ್ಯಾನಂದ ಸಿದ್ಧಯ್ಯ ಪುರಾಣಿಕರು ದೊಡ್ಡ ಅಧಿಕಾರಿಗಳಾಗಿದ್ದೂ ಮಕ್ಕಳಿಗಾಗಿ 'ತುಪ್ಪಾ ರೊಟ್ಟಿ ಗೇ ಗೇ ಗೇ' ಎಂಬ ಕವನಗಳ ಪುಸ್ತಕ ಕೊಟ್ಟರು. ಮಕ್ಕಳಿಗೆ ಬರೆಯುವುದು ಕಿರಿದಾದ ಕೆಲಸವೆಂದು ಆ ಹಿರಿಯರು ಬಗೆಯಲಿಲ್ಲ. ಮಕ್ಕಳು ಇಷ್ಟಪಟ್ಟು ಓದುವುದನ್ನು ನಾವೂ ಕಿರಿದೆಂದು ಬಗೆಯಬಾರದು.

ಕಥೆಗಳೊಳಗಿನ ಗ್ರಂಥಾಲಯ

ಹೊರನಾಡುಗಳಲ್ಲಿ ಮಕ್ಕಳ ಸಾಹಿತಿಗಳು ಈ ಗುಟ್ಟನ್ನು ಚೆನ್ನಾಗಿ ಅರಿತಿದ್ದಾರೆ. ಅಮೆರಿಕದ ಲೇಖಕಿ ಇ. ಎಲ್. ಕೊನಿಗ್ಸ್‌ಬರ್ಗ್ 1967ರಲ್ಲಿ ಬರೆದ ಕಾದಂಬರಿಯೊಂದರಲ್ಲಿ ಅಕ್ಕ ತಮ್ಮ ಇಬ್ಬರು ಮನೆ ಬಿಟ್ಟು ಹೋಗಿ ನ್ಯೂಯಾರ್ಕಿನ ವಸ್ತುಸಂಗ್ರಹಾಲಯದಲ್ಲಿ ಅಡಗಿರುತ್ತಾರೆ. ಅಲ್ಲಿನ ಒಂದು ಶಿಲ್ಪವನ್ನು ಕಡೆದವನು ಯಾರೆಂಬುದೇ ರಹಸ್ಯ. ಅದನ್ನು ಬಿಡಿಸಲು ಅವರು ಗ್ರಂಥಾಲಯಕ್ಕೆ ಹೋಗಿ ಪುಸ್ತಕ ತಿರುವುತ್ತಾರೆ. ಕೊನೆಯ ಸುಳಿವೂ ಮುದುಕಿಯೊಬ್ಬಳ ಕಾಗದಪತ್ರಗಳಲ್ಲಿಯೇ ದೊರೆಯುತ್ತದೆ. ಅದೇ ದೇಶದ ಕ್ರಿಸ್ ಗ್ರಾಬೆನ್‌ಸ್ಟೀನ್ 2013ರಲ್ಲಿ ಪ್ರಕಟಿಸಿದ ಕಥೆಯಲ್ಲಿ ಹನ್ನೆರಡು ಮಂದಿ ಮಕ್ಕಳನ್ನು ಹೊಸ ಗ್ರಂಥಾಲಯವೊಂದರೊಳಗೆ ಬಿಟ್ಟು ಬಾಗಿಲು ಹಾಕಲಾಗುತ್ತದೆ. ಹೊರಬರುವ ಗುಪ್ತದಾರಿಯ ಸುಳಿವುಗಳೆಲ್ಲ ಪುಸ್ತಕಗಳಲ್ಲಿ, ಅವುಗಳ ಬೆನ್ನಿನ ಮೇಲಿನ ಅಂಕಿಗಳಲ್ಲಿ ಅಡಗಿವೆ. ಕಥಾನಾಯಕನು ಆಟದ ಹುಚ್ಚಿನ ಹುಡುಗ, ಓದಿನಲ್ಲಿ ಹಿಂದೆ. ಆಟವನ್ನು ಗೆಲ್ಲಲು ಪುಸ್ತಕ ಹಿಡಿದವನು ಪುಸ್ತಕಕ್ಕೆ ಒಲಿಯುತ್ತಾನೆ.

ನಮ್ಮ ದೇಶದಲ್ಲಿಯೇ ಸತ್ಯಜಿತ್ ರಾಯ್ ಅವರು 1965ರಿಂದ ಬಂಗಾಳಿಯಲ್ಲಿ ಬರೆದ ಫೆಲೂದಾ ಕಥೆಗಳಿವೆ. ಬುದ್ಧಿವಂತ ಪತ್ತೇದಾರ ಫೆಲೂದಾನು ದಾರಿ ಕಾಣದಾದಾಗ ಹೋಗುವುದು ಪುಸ್ತಕಗಳ ನಡುವೆ ಬಾಳುವ ಸಿಧು ಜೇಠಾ ಎಂಬ ಹಿರಿಯನ ಬಳಿಗೆ. ಕನ್ನಡದಲ್ಲಿ ಎನ್. ನರಸಿಂಹಯ್ಯನವರು ಹೆಚ್ಚು ಶಾಲೆ ಕಲಿಯದಿದ್ದರೂ ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದು, ಪತ್ತೇದಾರ ಪುರುಷೋತ್ತಮನನ್ನು ಮನೆಮನೆಯ ಮಾತಾಗಿಸಿದರು. ಆ ಅಗ್ಗದ ಪುಸ್ತಕಗಳನ್ನು ಪಠ್ಯದ ನಡುವೆ ಬಚ್ಚಿಟ್ಟು ಓದಿದವರು ಮುಂದೆ ದೊಡ್ಡ ಗ್ರಂಥಗಳ ಓದುಗರಾದುದನ್ನು ನಾವು ಬಲ್ಲೆವು.

ನಡೆದ ಸಂಗತಿಯೇ ಕಥೆಯಾದಾಗ

ಕಟ್ಟುಕಥೆಗಿಂತ ರೋಚಕವಾದ, ನಿಜವಾಗಿ ನಡೆದ ಗ್ರಂಥಾಲಯದ ರಹಸ್ಯ ನಮ್ಮ ಕನ್ನಡ ನಾಡಿನಲ್ಲಿಯೇ ಇದೆ. ಚಾಣಕ್ಯನ ಅರ್ಥಶಾಸ್ತ್ರವೆಂಬ ಗ್ರಂಥವಿತ್ತೆಂದು ಹಿಂದಿನ ಕವಿಗಳ ಮಾತಿನಿಂದ ಎಲ್ಲರಿಗೂ ಗೊತ್ತಿತ್ತು. ಅದು ಆರು ಸಾವಿರ ಶ್ಲೋಕಗಳಷ್ಟು ದೊಡ್ಡದೆಂದು ಸಂಸ್ಕೃತದ ದಂಡಿಯು ಸುಳಿವು ಕೊಟ್ಟಿದ್ದನು. ಆದರೆ ಪುಸ್ತಕವನ್ನು ಕಂಡವರಿರಲಿಲ್ಲ. 1891ರಲ್ಲಿ ಸ್ಥಾಪನೆಗೊಂಡ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಗ್ರಂಥಲಿಪಿಯ ತಾಳೆಯೋಲೆಯ ಕಟ್ಟೊಂದನ್ನು ತಂದುಕೊಟ್ಟರು. ಅಲ್ಲಿನ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ತಾಳ್ಮೆಯಿಂದ ಓದಿದರು. ಹದಿನೈದು ಅಧಿಕರಣ, ನೂರೈವತ್ತು ಅಧ್ಯಾಯ, ನೂರೆಂಬತ್ತು ಪ್ರಕರಣ, ಆರು ಸಾವಿರ ಶ್ಲೋಕ ಎಂಬ ಲೆಕ್ಕವು ಗ್ರಂಥದೊಳಗೇ ಇತ್ತು. ದಂಡಿಯ ಸುಳಿವಿಗೂ ಈ ಲೆಕ್ಕಕ್ಕೂ ತಾಳೆಯಾಯಿತು. 1905ರಲ್ಲಿ ಅವರು ಲೋಕಕ್ಕೆ ಇದನ್ನು ತಿಳಿಸಿದರು. 1909ರಲ್ಲಿ ಮೂಲವೂ 1915ರಲ್ಲಿ ಇಂಗ್ಲಿಷ್ ಅನುವಾದವೂ ಅಚ್ಚಾದವು. ಕಳೆದುಹೋದ ವಸ್ತು, ಗುರುತು ತಿಳಿಸದ ಕಟ್ಟು, ಹಳೆಯ ಸುಳಿವು, ಅದನ್ನು ಕೂಡಿಸಿ ನೋಡಿದ ಬುದ್ಧಿ: ಪತ್ತೇದಾರಿ ಕಥೆಗೆ ಇದಕ್ಕಿಂತ ಹೆಚ್ಚೇನು ಬೇಕು?

ಅಂಕಿತವೆಂಬ ಬೆರಳಚ್ಚು

ಇನ್ನೊಂದು ಸಂಗತಿ ನಮ್ಮ ಮನೆಗಳಿಗೆ ತೀರ ಹತ್ತಿರದ್ದು. ಕಲ್ಯಾಣದ ಕ್ರಾಂತಿಯ ತರುವಾಯ ಶರಣರ ವಚನಗಳು ಮಠಗಳಲ್ಲಿ, ಭಕ್ತರ ಮನೆಗಳ ಅಟ್ಟಗಳಲ್ಲಿ, ಜಗುಲಿಯ ಗಂಟುಗಳಲ್ಲಿ ಶತಮಾನಗಟ್ಟಲೆ ಉಳಿದವು. ಪೂಜೆಗೆ ಇಟ್ಟವರು ಬಿಚ್ಚಿ ಓದಲಿಲ್ಲ. ಓದಬಲ್ಲವರ ಕೈಗೆ ಅವು ಬರಲಿಲ್ಲ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880–1964) ಊರೂರು ತಿರುಗಿ, ಮನೆಮನೆಯ ಕದ ತಟ್ಟಿ ಈ ಓಲೆಗಳನ್ನು ಕೂಡಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂತು. ಅಚ್ಚು ಹಾಕಿಸಲು 'ಹಿತಚಿಂತಕ' ಮುದ್ರಣಾಲಯವನ್ನು ತಾವೇ ತೆರೆದರು. 1926ರಿಂದ 'ಶಿವಾನುಭವ' ಪತ್ರಿಕೆಯನ್ನು ನಡೆಸಿದರು. ಇದಕ್ಕಾಗಿ ಅವರು ಸ್ವಂತ ಮನೆಯನ್ನೂ ಕಳೆದುಕೊಂಡ ಕಥೆ ಎಲ್ಲರಿಗೂ ತಿಳಿದದ್ದೇ.

ಓಲೆಯ ಮೇಲೆ ಎಷ್ಟೋ ಕಡೆ ಬರೆದವರ ಹೆಸರಿಲ್ಲ. ಯಾರ ವಚನವೆಂದು ತಿಳಿಯುವ ಬಗೆ ಹೇಗೆ? ಅಂಕಿತದಿಂದ. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣನವರದು. ನಡುವೆ 'ಚೆನ್ನ' ಎಂಬ ಎರಡಕ್ಷರ ಸೇರಿ ಕೂಡಲಚೆನ್ನಸಂಗಮದೇವ ಎಂದಾದರೆ ಚೆನ್ನಬಸವಣ್ಣನವರದು. ಗುಹೇಶ್ವರ ಎಂದರೆ ಅಲ್ಲಮಪ್ರಭು, ಕಲಿದೇವರದೇವ ಎಂದರೆ ಮಡಿವಾಳ ಮಾಚಿದೇವ, ಕಪಿಲಸಿದ್ಧಮಲ್ಲಿಕಾರ್ಜುನ ಎಂದರೆ ಸೊನ್ನಲಿಗೆಯ ಸಿದ್ಧರಾಮ. ಆಯ್ದಕ್ಕಿ ಲಕ್ಕಮ್ಮನ ಅಂಕಿತದಲ್ಲಿ ಗಂಡ ಮಾರಯ್ಯನ ಹೆಸರೇ ಸುಳಿವಾಗಿದೆ. ಪತ್ತೇದಾರನಿಗೆ ಬೆರಳಚ್ಚು ಹೇಗೋ ವಚನಶೋಧಕನಿಗೆ ಅಂಕಿತ ಹಾಗೆ. ಮನೆಯಲ್ಲಿ ಮಕ್ಕಳಿಗೆ ಒಂದು ವಚನವನ್ನು ಓದಿ, "ಇದು ಯಾರದು, ಹುಡುಕಿ ಹೇಳ್ರಿ" ಎಂದು ಬಿಟ್ಟು ನೋಡಿರಿ. ಬಾಯಿಪಾಠ ಮಾಡಿಸಿದಾಗ ಆಕಳಿಸುವ ಮಗುವೇ ಆಗ ಪುಟ ತಿರುವಲು ಕುಳಿತುಕೊಳ್ಳುತ್ತದೆ. 1993ರಲ್ಲಿ ಸರಕಾರವು ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನ ಸಾಹಿತ್ಯವನ್ನು ಪ್ರಕಟಿಸಿರುವುದರಿಂದ ಹುಡುಕುವವರಿಗೆ ಸಾಮಗ್ರಿಯ ಕೊರತೆಯಿಲ್ಲ.

ಭಂಡಾರವನ್ನು ಕಾಯ್ದವರು

ಗ್ರಂಥಾಲಯವೆಂಬುದು ಪರದೇಶದಿಂದ ಬಂದ ಪದ್ಧತಿಯೆಂದು ಕೆಲವರು ತಿಳಿದಿದ್ದಾರೆ. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಚಾಲುಕ್ಯರ ಕಾಲದ ಘಟಿಕಾಸ್ಥಾನವಿತ್ತು. ಅಲ್ಲಿನ 1058ರ ಶಾಸನವು ವೇದ ಕಲಿಯುವ ಇನ್ನೂರು ಮಂದಿ, ಶಾಸ್ತ್ರ ಕಲಿಯುವ ಐವತ್ತೆರಡು ಮಂದಿ ವಿದ್ಯಾರ್ಥಿಗಳನ್ನೂ, ಅವರ ಗುರುಗಳನ್ನೂ, ಜೊತೆಗೆ ಆರು ಮಂದಿ 'ಸರಸ್ವತೀ ಭಂಡಾರಿಗ'ರನ್ನೂ ಹೆಸರಿಸಿ ಅವರ ಜೀವನಕ್ಕೆ ಭೂಮಿ ಬಿಟ್ಟುದನ್ನು ಹೇಳುತ್ತದೆ. ಇನ್ನೂರೈವತ್ತೆರಡು ವಿದ್ಯಾರ್ಥಿಗಳಿಗೆ ಆರು ಗ್ರಂಥಪಾಲಕರು! ಇಂದಿನ ಎಷ್ಟು ಶಾಲೆಗಳಲ್ಲಿ ಒಬ್ಬರಾದರೂ ಇದ್ದಾರೆ?

ನಾವು ಮಠದಲ್ಲಿ ಓದುತ್ತಿದ್ದಾಗ ಗ್ರಂಥಭಂಡಾರವನ್ನು ನೋಡಿಕೊಳ್ಳುತ್ತಿದ್ದ ಹಿರಿಯ ಸಾಧಕರೊಬ್ಬರು ಎಂದೂ ನೇರವಾಗಿ ಉತ್ತರ ಹೇಳಿದವರಲ್ಲ. ಸಂದೇಹ ಕೇಳಿದರೆ, "ಮೂರನೇ ಕಪಾಟು, ಕೆಳಗಿನ ಸಾಲು, ಕೆಂಪು ರಟ್ಟು" ಎನ್ನುವರು. ಕೆಂಪು ರಟ್ಟಿನ ಪುಸ್ತಕವನ್ನು ಹುಡುಕುವಷ್ಟರಲ್ಲಿ ಅದರ ಪಕ್ಕದ ನಾಲ್ಕು ಪುಸ್ತಕಗಳ ಪರಿಚಯ ನಮಗಾಗಿರುತ್ತಿತ್ತು. ಅದು ಅವರ ಬೋಧನೆಯ ಕ್ರಮವೆಂಬುದು ಬೆಳೆದ ಮೇಲೆ ಅರಿವಾಯಿತು. ಗ್ರಂಥಾಲಯ ವಿಜ್ಞಾನದ ಆಚಾರ್ಯರೆನಿಸಿದ ಎಸ್. ಆರ್. ರಂಗನಾಥನ್ ಅವರು, 1962ರಲ್ಲಿ ಬೆಂಗಳೂರಿನಲ್ಲಿ ಆ ವಿಜ್ಞಾನದ ಕೇಂದ್ರವನ್ನು ಸ್ಥಾಪಿಸಿ ಅಲ್ಲಿಯೇ 1972ರಲ್ಲಿ ನಿಧನರಾದವರು. ಪುಸ್ತಕಕ್ಕೆ ತಕ್ಕ ಓದುಗನನ್ನೂ ಓದುಗನಿಗೆ ತಕ್ಕ ಪುಸ್ತಕವನ್ನೂ ಕೂಡಿಸುವುದೇ ಗ್ರಂಥಪಾಲಕನ ಧರ್ಮವೆಂದು ಅವರು ಸಾರಿದರು.

ಪುಸ್ತಕದ ಬೆನ್ನಿನ ಅಂಕಿಯೂ ಮಕ್ಕಳಿಗೆ ಒಂದು ಗುಪ್ತಲಿಪಿಯೇ. ಅಮೆರಿಕದ ಡ್ಯೂಯಿ ಎಂಬವರು 1876ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ಜ್ಞಾನವನ್ನೆಲ್ಲ ಹತ್ತು ಪಾಲು ಮಾಡಲಾಗಿದೆ. ಅದರಲ್ಲಿ ಎಂಟುನೂರರ ಸಾಲು ಸಾಹಿತ್ಯದ್ದು, 894.814 ಎಂದರೆ ಕನ್ನಡ ಸಾಹಿತ್ಯ. ಇದು ಪುಸ್ತಕದ ಮನೆಯ ವಿಳಾಸ. ಈ ವಿಳಾಸ ಓದಲು ಕಲಿತ ಮಗುವಿಗೆ ಯಾವ ಊರಿನ ಗ್ರಂಥಾಲಯವೂ ಪರಸ್ಥಳವೆನಿಸದು.

ಮನೆಯವರು ಮಾಡಬೇಕಾದುದು

ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ಓದುವವರಿಲ್ಲದ ಪುಸ್ತಕ ಬಹುಕಾಲ ಬಾಳುವುದಿಲ್ಲ. ಹಳೆಯ ಓಲೆಯ ಕಟ್ಟುಗಳನ್ನು "ಮನೆಯಲ್ಲಿ ಇಡಬಾರದು" ಎಂದು ಹೊಳೆಗೆ ಬಿಟ್ಟ ಮನೆತನಗಳಿದ್ದವು. ಗೆದ್ದಲಿಗೆ ಬಿಟ್ಟ ಮನೆತನಗಳು ಈಗಲೂ ಇವೆ. ಹಳಕಟ್ಟಿಯವರು ತಟ್ಟದ ಬಾಗಿಲುಗಳ ಹಿಂದೆ ಏನೇನು ಹೋಯಿತೋ ಬಲ್ಲವರಿಲ್ಲ. ಇಂದು ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಏನಿದೆ ಎಂದು ಕೇಳುವ ಕುತೂಹಲ ಮನೆಯ ಮಗುವಿಗೆ ಇಲ್ಲವಾದರೆ, ನಾಳೆ ಆ ಪೆಟ್ಟಿಗೆ ಗುಜರಿಗೆ ಹೋಗುತ್ತದೆ.

ಆದುದರಿಂದ ಒಂದು ರವಿವಾರ ಅಜ್ಜ ಅಜ್ಜಿಯರು ಮೊಮ್ಮಕ್ಕಳನ್ನು ಜೊತೆಗಿಟ್ಟುಕೊಂಡು ಆ ಪೆಟ್ಟಿಗೆಯನ್ನು ತೆರೆಯಲಿ. ಹಳೆಯ ಲೆಕ್ಕದ ವಹಿಯಿರಲಿ, ಪುರಾಣದ ಪ್ರತಿಯಿರಲಿ, ಓಲೆಯ ಕಟ್ಟಿರಲಿ: ಯಾರದು, ಯಾವಾಗಿನದು, ಮನೆಗೆ ಹೇಗೆ ಬಂತು ಎಂಬುದನ್ನು ಮಕ್ಕಳೇ ಶೋಧಿಸಿ ಒಂದು ವಹಿಯಲ್ಲಿ ಬರೆಯಲಿ. ಓಲೆಗಳಿದ್ದರೆ ಎಣ್ಣೆ, ಅರಿಸಿನ ಹಚ್ಚುವ ಆತುರ ಬೇಡ. ಒಣಗಿದ ಮೆದು ಬಟ್ಟೆಯಲ್ಲಿ ಸುತ್ತಿಟ್ಟು ಬಲ್ಲವರಿಗೆ ತೋರಿಸಿರಿ. ನಮ್ಮ ಜಿಲ್ಲೆಯ ನೆರೆಯಲ್ಲಿಯೇ ಇರುವ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಗಳಿಗೆಂದೇ ವಿಭಾಗವಿದೆ.

ಹಳ್ಳಿಯಲ್ಲಿ ಗ್ರಂಥಾಲಯವೆಲ್ಲಿ ಎನ್ನುವವರಿಗೂ ಒಂದು ಮಾತು. ಗ್ರಾಮ ಪಂಚಾಯತಿಯ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ವಹಿಸಲಾಯಿತು. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಲಾಯಿತು. ನಿಮ್ಮ ಮಗುವಿನ ಹೆಸರು ಅಲ್ಲಿ ಬರೆದಿದೆಯೇ? ಇಲ್ಲವಾದರೆ ಈ ವಾರವೇ ಬರೆಸಿರಿ. ಗ್ರಂಥಾಲಯಕ್ಕೆ ಬೀಗ ಬಿದ್ದಿದ್ದರೆ ಪಂಚಾಯತಿಯ ಸದಸ್ಯರನ್ನು ಕೇಳಿರಿ. ಗುಡಿಯ ಬಾಗಿಲು ಮುಚ್ಚಿದ್ದರೆ ಕೇಳುವವರು ಇದಕ್ಕೇಕೆ ಸುಮ್ಮನಿರಬೇಕು?

ಪತ್ತೇದಾರಿ ಕಥೆಯನ್ನು ಹಿಡಿದ ಮಗುವಿನ ಕೈಯಿಂದ ಅದನ್ನು ಕಸಿದುಕೊಳ್ಳಬೇಡಿರಿ. ಅದು ಕೊನೆಯ ಪುಟ ಮುಗಿಸಿದ ಮೇಲೆ ಶಾಮಶಾಸ್ತ್ರಿಗಳ ಕಥೆಯನ್ನು ಹೇಳಿರಿ, ಹಳಕಟ್ಟಿಯವರ ಅಲೆದಾಟವನ್ನು ಹೇಳಿರಿ. ಬಳಿಕ ಒಂದು ಒಗಟನ್ನು ಇಟ್ಟು, ಉತ್ತರವು ಯಾವ ಕಪಾಟಿನಲ್ಲಿದೆ ಎಂಬುದನ್ನಷ್ಟೇ ತಿಳಿಸಿ ಸುಮ್ಮನಾಗಿರಿ. ಮುಂದಿನ ದಾರಿಯನ್ನು ಮಗು ತಾನೇ ಕಂಡುಕೊಳ್ಳುತ್ತದೆ.