ಲ್ಯಾಪ್‌ಟಾಪಿನ ಬ್ಯಾಟರಿಗೆ ಮುಪ್ಪು ಬಂದಾಗ

ಕಳೆದ ಬೇಸಗೆಯಲ್ಲಿ ಐನಾಪುರದ ನಮ್ಮ ವಿದ್ಯಾರ್ಥಿಯೊಬ್ಬನು ತನ್ನ ಲ್ಯಾಪ್‌ಟಾಪನ್ನು ಬಗಲಲ್ಲಿ ಹಿಡಿದುಕೊಂಡು ನಮ್ಮ ಮನೆಗೆ ಬಂದನು. ಪರೀಕ್ಷೆಗೆ ಹದಿನೈದು ದಿನಗಳು ಮಾತ್ರ ಉಳಿದಿದ್ದುವು. “ಕರೆಂಟ್ ಹೋತಂದ್ರ ಇದೂ ಹೋಗ್ತೈತ್ರಿ ಸರ್. ಮೂವತ್ತು ಪರ್ಸೆಂಟ್ ಅಂತ ತೋರಸ್ತಿರತೈತಿ, ಒಮ್ಮಿಗೆಲೆ ಬಂದ್ ಆಗಿಬಿಡ್ತೈತಿ” ಎಂದು ಹೇಳಿಕೊಂಡನು. ಹೊಸದನ್ನು ಕೊಳ್ಳುವ ಮಾತನ್ನು ಮನೆಯಲ್ಲಿ ಎತ್ತುವಂತಿರಲಿಲ್ಲ. ಕಬ್ಬಿನ ಹಣ ಇನ್ನೂ ಕೈಸೇರಿರಲಿಲ್ಲ. ಟ್ರ್ಯಾಕ್ಟರಿನ ಬ್ಯಾಟರಿ ದುರಸ್ತಿ ಮಾಡುವವನಿಂದ ಇದನ್ನೂ ಬಿಚ್ಚಿಸಿ ಸರಿಪಡಿಸಬಹುದೇ ಎಂಬುದು ಅವನ ಪ್ರಶ್ನೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಬ್ಯಾಟರಿಯನ್ನು ಮನೆಯಲ್ಲಿಯೇ ಬದಲಿಸಬಹುದು. ಆದರೆ ಅದನ್ನು ಎಂದಿಗೂ ಬಿಚ್ಚಬಾರದು. ಹೀಗೇಕೆ?

ಟ್ರ್ಯಾಕ್ಟರಿನ ಬ್ಯಾಟರಿ ಸೀಸದ ಜಾತಿಯದು. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಇದನ್ನು ರಚಿಸಿದನು. ಸೀಸದ ಫಲಕಗಳು ನೀರು ಬೆರೆತ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ನೀರು ಆರಿದರೆ ಮುಚ್ಚಳ ತೆರೆದು ಭಟ್ಟಿ ಇಳಿಸಿದ ನೀರನ್ನು ಸುರಿಯುವುದು ನಮ್ಮ ರೈತರಿಗೆಲ್ಲ ತಿಳಿದ ಕೆಲಸ. ಲ್ಯಾಪ್‌ಟಾಪಿನಲ್ಲಿರುವುದಾದರೋ ಲಿಥಿಯಂ ಅಯಾನು ಬ್ಯಾಟರಿ. ಇದು 1991ರಲ್ಲಿ ಮಾರುಕಟ್ಟೆಗೆ ಬಂದಿತು. ಇದಕ್ಕೆ ತಳಹದಿ ಹಾಕಿದ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೋ ಎಂಬ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಇದರ ಒಂದೊಂದು ಕೋಶದಲ್ಲಿಯೂ ಗ್ರಾಫೈಟ್ ಲೇಪಿಸಿದ ತಾಮ್ರದ ತಗಡು ಒಂದು ಕಡೆ, ಲೋಹದ ಆಕ್ಸೈಡನ್ನು ಲೇಪಿಸಿದ ಅಲ್ಯೂಮಿನಿಯಂ ತಗಡು ಇನ್ನೊಂದು ಕಡೆ ಇರುತ್ತವೆ. ನಡುವೆ ಕೂದಲೆಳೆಗಿಂತಲೂ ತೆಳುವಾದ, ಸೂಕ್ಷ್ಮ ರಂಧ್ರಗಳುಳ್ಳ ಪ್ಲಾಸ್ಟಿಕ್ ಪರದೆ. ಇವೆಲ್ಲವೂ ಬೇಗನೆ ಬೆಂಕಿ ಹತ್ತುವ ಒಂದು ದ್ರವದಲ್ಲಿ ನೆನೆದಿರುತ್ತವೆ. ಇಲ್ಲಿ ನೀರು ಮಿತ್ರನಲ್ಲ, ಶತ್ರು. ಅದು ಒಳಹೊಕ್ಕರೆ ವಿಷಕಾರಿಯಾದ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುತ್ತದೆ. ಮೊನಚಾದ ವಸ್ತು ತಗಲಿ ಪರದೆ ಹರಿದರೆ ಎರಡು ಫಲಕಗಳೂ ಒಂದನ್ನೊಂದು ಮುಟ್ಟಿ, ಕೂಡಿಟ್ಟ ಶಕ್ತಿಯು ಕ್ಷಣಮಾತ್ರದಲ್ಲಿ ಉಷ್ಣವಾಗಿ ಹೊರಬೀಳುತ್ತದೆ. ಬಿಚ್ಚಬಾರದೆನ್ನುವುದು ಇದಕ್ಕಾಗಿಯೇ.

ಇನ್ನು ಮುಪ್ಪಿನ ವಿಚಾರ. ಕೃಷ್ಣೆಯ ಎರಡು ದಡಗಳ ನಡುವೆ ಜನರನ್ನು ಸಾಗಿಸುವ ದೋಣಿಯನ್ನು ನೆನೆಯಿರಿ. ಚಾರ್ಜು ಮಾಡುವಾಗ ಲಿಥಿಯಂ ಅಯಾನುಗಳು ಆಕ್ಸೈಡಿನ ದಡದಿಂದ ಗ್ರಾಫೈಟಿನ ದಡಕ್ಕೆ ಸಾಗುತ್ತವೆ. ಯಂತ್ರವನ್ನು ಬಳಸುವಾಗ ಮರಳುತ್ತವೆ. ಎಲೆಕ್ಟ್ರಾನುಗಳು ಒಳಗಿನ ದ್ರವವನ್ನು ಹಾಯಲಾರದೆ ಹೊರಗಿನ ತಂತಿಯ ದಾರಿ ಹಿಡಿಯುತ್ತವೆ. ಅದೇ ನಮಗೆ ದೊರೆಯುವ ವಿದ್ಯುತ್ತು. ಪ್ರತಿಯೊಂದು ಪ್ರಯಾಣದಲ್ಲಿಯೂ ಕೆಲವು ಅಯಾನುಗಳು ಗ್ರಾಫೈಟಿನ ದಡದಲ್ಲಿಯೇ ಕೆಸರಿಗೆ ಸಿಕ್ಕಿದವರಂತೆ ಉಳಿದು, ದ್ರವದೊಡನೆ ಕೂಡಿ ಪೊರೆಯಾಗಿ ಬೆಳೆಯುತ್ತವೆ. ಹೀಗೆ ಪ್ರಯಾಣಿಕರೂ ಕಡಮೆಯಾಗುತ್ತಾರೆ, ದಾರಿಯೂ ದುರ್ಗಮವಾಗುತ್ತದೆ. ಮೊದಲನೆಯದರಿಂದ ಬ್ಯಾಟರಿಯ ಧಾರಣಶಕ್ತಿ ಇಳಿಯುತ್ತದೆ. ಎರಡನೆಯದರಿಂದ ಆಂತರಿಕ ರೋಧ ಏರುತ್ತದೆ. ಶೆಕೆ ಹೆಚ್ಚಿದಷ್ಟೂ, ಸದಾ ಪೂರ್ತಿ ಚಾರ್ಜು ಮಾಡಿಟ್ಟಷ್ಟೂ ಮುಪ್ಪು ಬೇಗ ಬರುತ್ತದೆ.

ಮೂವತ್ತು ಪರ್ಸೆಂಟಿನಲ್ಲಿ ಯಂತ್ರ ನಿಂತುದೇಕೆಂಬುದು ಓಮನ ನಿಯಮದಿಂದಲೇ ತಿಳಿಯುತ್ತದೆ. ಮೂರು ಕೋಶಗಳ ಬ್ಯಾಟರಿಯ ವಿದ್ಯುಚ್ಚಾಲಕ ಬಲವು ಆ ಹೊತ್ತಿಗೆ 11 ವೋಲ್ಟ್ ಇದೆಯೆಂದೂ ಯಂತ್ರವು 3 ಆಂಪೇರ್ ಎಳೆಯುತ್ತದೆಂದೂ ಭಾವಿಸೋಣ. ಆಂತರಿಕ ರೋಧ 0.1 ಓಮ್ ಇದ್ದಾಗ ಒಳಗೇ ನಷ್ಟವಾಗುವುದು 0.3 ವೋಲ್ಟ್, ಹೊರಗೆ 10.7 ವೋಲ್ಟ್ ದೊರೆಯುತ್ತದೆ. ರೋಧವು 0.7 ಓಮಿಗೆ ಏರಿದರೆ ನಷ್ಟ 2.1 ವೋಲ್ಟ್; ಉಳಿಯುವುದು 8.9 ಮಾತ್ರ. ಕೋಶಕ್ಕೆ 3ರಂತೆ 9 ವೋಲ್ಟಿಗಿಂತ ಕೆಳಗಿಳಿದೊಡನೆ ಕಾವಲು ಮಂಡಲವು ಸಂಪರ್ಕವನ್ನು ಕಡಿದುಬಿಡುತ್ತದೆಂದು ಇಟ್ಟುಕೊಂಡರೆ, ಯಂತ್ರ ನಿಲ್ಲಲೇಬೇಕಲ್ಲವೇ?

ಆ ಹುಡುಗನ ಯಂತ್ರದಲ್ಲಿ ಬ್ಯಾಟರಿಯ ವರದಿಯನ್ನು ತೆಗೆಸಿ ನೋಡಿದೆವು. ಹೊಸದಾಗಿದ್ದಾಗ 42 ವಾಟ್-ಗಂಟೆ ಹಿಡಿಯುತ್ತಿದ್ದುದು ಈಗ 14ಕ್ಕೆ ಇಳಿದಿತ್ತು. ಯಂತ್ರದ ತಳ ಉಬ್ಬಿದೆಯೇ, ಬೆರಳಾಡಿಸುವ ಟಚ್‌ಪ್ಯಾಡ್ ಮೇಲೆದ್ದಿದೆಯೇ ಎಂದೂ ಪರೀಕ್ಷಿಸಿದೆವು. ಹಾಗೆ ಇದ್ದರೆ ಒಳಗೆ ಅನಿಲ ತುಂಬಿದೆಯೆಂದು ಅರ್ಥ. ಚಾರ್ಜು ಮಾಡುವುದನ್ನು ಆ ಕ್ಷಣವೇ ನಿಲ್ಲಿಸಿ, ಒತ್ತದೆ, ಚುಚ್ಚದೆ, ಕೆಲಸವನ್ನು ನುರಿತವರಿಗೆ ಒಪ್ಪಿಸಬೇಕು. ಅದೃಷ್ಟವಶಾತ್ ಅಂಥ ಗುರುತು ಕಾಣಲಿಲ್ಲ. ಹೊಸ ಬ್ಯಾಟರಿಯನ್ನು ತರಿಸುವಾಗ ಹಳೆಯದರ ಮೇಲಿನ ಮಾದರಿ ಸಂಖ್ಯೆಯನ್ನು ಅಕ್ಷರಶಃ ತಾಳೆ ನೋಡಿದೆವು, 11.1 ವೋಲ್ಟಿನ ಬದಲಿಗೆ 14.8 ವೋಲ್ಟಿನದು ಸಲ್ಲದು.

ಬದಲಿಸುವ ಕೆಲಸವನ್ನು ಅವನೇ ಮಾಡಿದನು. ಚಾರ್ಜು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುವವರೆಗೆ ಯಂತ್ರವನ್ನು ನಡೆಸಿ, ಪೂರ್ತಿ ಆರಿಸಿ, ಚಾರ್ಜರನ್ನು ಕಳಚಿದನು. ತಿರುಪುಗಳು ಉದ್ದದಲ್ಲಿ ಒಂದೇ ಸಮನಾಗಿರುವುದಿಲ್ಲ. ಆದುದರಿಂದ ಹಾಳೆಯ ಮೇಲೆ ತಳದ ಚಿತ್ರ ಬರೆದು, ಆಯಾ ತಿರುಪನ್ನು ಆಯಾ ಸ್ಥಾನದಲ್ಲಿಟ್ಟನು. ಮುಚ್ಚಳವನ್ನು ಚಾಕುವಿನಿಂದಲ್ಲ, ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಬಿಡಿಸಿದನು. ಮೈಯಲ್ಲಿನ ಸ್ಥಿರವಿದ್ಯುತ್ತು ಇಳಿಯಲೆಂದು ಕಿಟಕಿಯ ಕಬ್ಬಿಣದ ಸರಳನ್ನು ಮುಟ್ಟಿ, ಎಲ್ಲಕ್ಕೂ ಮೊದಲು ಬ್ಯಾಟರಿಯ ಕನೆಕ್ಟರನ್ನು ಕಳಚಿದನು. ಎಳೆದುದು ಕನೆಕ್ಟರನ್ನು, ತಂತಿಯನ್ನಲ್ಲ. ಹಳೆಯದನ್ನು ಎತ್ತಿ, ಹೊಸದನ್ನು ಕೂರಿಸಿ, ತಿರುಪು ಬಿಗಿದು, ಕೊನೆಯಲ್ಲಿ ಕನೆಕ್ಟರನ್ನು ಸೇರಿಸಿದನು. ಒಟ್ಟು ಮುಕ್ಕಾಲು ಗಂಟೆ ಹಿಡಿಯಿತು.

ಹಳೆಯ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕಬಾರದು. ಹೊಲದಲ್ಲಿ ರವದಿಯೊಡನೆ ಸುಡುವುದಂತೂ ಆಗದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಇದನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ತುದಿಗಳಿಗೆ ಅಂಟುಪಟ್ಟಿ ಸುತ್ತಿ ಸಂಗ್ರಹ ಕೇಂದ್ರಕ್ಕೆ ಮುಟ್ಟಿಸಿದೆವು.

ಪರೀಕ್ಷೆಯ ವಾರದಲ್ಲಿ ಎರಡು ಸಂಜೆ ಕರೆಂಟು ಹೋಯಿತಂತೆ. ಓದು ಮಾತ್ರ ನಿಲ್ಲಲಿಲ್ಲವೆಂದು ಅವನೇ ಬಂದು ತಿಳಿಸಿದನು. ಈಗ ತನ್ನ ಗೆಳೆಯರ ಯಂತ್ರಗಳನ್ನೂ ನೋಡಿಕೊಡುತ್ತಿರುವನು; ಆದರೆ ತಳ ಉಬ್ಬಿದ ಯಂತ್ರಕ್ಕೆ ಕೈಹಚ್ಚುವುದಿಲ್ಲ.