ಕ್ಲೂನಿ ಎಂಬ ಮಠದ ಊರು

ಫ್ರಾನ್ಸ್ ದೇಶವೆಂದೊಡನೆ ನಮ್ಮವರಿಗೆ ನೆನಪಾಗುವುದು ಪ್ಯಾರಿಸ್ ನಗರ ಹಾಗೂ ಐಫೆಲ್ ಗೋಪುರ. ಮಠದ ಅನ್ನವುಂಡು ಬೆಳೆದವನಿಗೆ ಆ ದೇಶದಲ್ಲಿ ನೋಡಬೇಕಾದ ಊರು ಬೇರೊಂದಿದೆ. ಅದು ಬರ್ಗಂಡಿ ಪ್ರಾಂತದ ಕ್ಲೂನಿ. ಮಾಕೋನ್ ಪಟ್ಟಣದಿಂದ ಸುಮಾರು ೨೫ ಕಿಲೋಮೀಟರು. ದ್ರಾಕ್ಷಿತೋಟದ ಗುಡ್ಡಗಳನ್ನೂ ಬಿಳಿಯ ದನಗಳು ಮೇಯುವ ಹುಲ್ಲುಗಾವಲುಗಳನ್ನೂ ದಾಟಿ ಬಸ್ಸು ಗ್ರೋನ್ ಎಂಬ ಕಿರುನದಿಯ ಕಣಿವೆಗೆ ಇಳಿಯುತ್ತದೆ. ಹಿಂದೆ ರೈಲಿತ್ತು, ಹಳಿ ಕಿತ್ತ ಹಾದಿಯಲ್ಲಿ ಈಗ ಸೈಕಲ್ ಸವಾರರು ಓಡಾಡುತ್ತಾರೆ. ಐದು ಸಾವಿರದ ಆಸುಪಾಸಿನ ಜನವಸತಿ. ಶನಿವಾರದ ಸಂತೆಯ ಗದ್ದಲವೊಂದನ್ನು ಬಿಟ್ಟರೆ ಊರು ಮೌನವ್ರತ ಹಿಡಿದಂತಿರುತ್ತದೆ. ಹನ್ನೆರಡನೆಯ ಶತಮಾನದ ಕಲ್ಲುಮನೆಗಳಲ್ಲಿ ಇಂದಿಗೂ ಜನ ಸಂಸಾರ ಹೂಡಿಕೊಂಡಿದ್ದಾರೆ.

ಅಕ್ವಿಟೇನ್ ಪ್ರಾಂತದ ಒಡೆಯ ಗಿಯೋಮನು ಕ್ರಿ.ಶ. ೯೧೦ರಲ್ಲಿ ಈ ನೆಲವನ್ನು ಸಂತ ಬೆನೆಡಿಕ್ಟನ ನಿಯಮ ಪಾಲಿಸುವ ಸನ್ಯಾಸಿಗಳಿಗೆ ದಾನವಿತ್ತನು. ಆ ದಾನಪತ್ರದ ಒಕ್ಕಣೆ ಮನನೀಯವಾದುದು. ಕೊಟ್ಟವನಿಗಾಗಲಿ, ಅವನ ವಂಶದವರಿಗಾಗಲಿ, ಅರಸನಿಗಾಗಲಿ ಮಠದ ಮೇಲೆ ಹಕ್ಕಿಲ್ಲ. ಪ್ರಥಮ ಮಠಾಧಿಪತಿ ಬೆರ್ನೋ ಅವರ ತರುವಾಯ ಸನ್ಯಾಸಿಗಳೇ ತಮ್ಮ ಗುರುವನ್ನು ಆರಿಸಿಕೊಳ್ಳತಕ್ಕದ್ದು. ನಮ್ಮ ಶಿಲಾಶಾಸನಗಳ ಕೊನೆಯಲ್ಲಿ ಶಾಪಾಶಯ ಬರುತ್ತದಷ್ಟೆ, ಇಲ್ಲಿಯೂ ಮಾತು ಮೀರಿದವರಿಗೆ ಘೋರವಾದ ಶಾಪವುಂಟು! ಈ ಸ್ವಾತಂತ್ರ್ಯದ ಬಲದಿಂದ ಕ್ಲೂನಿಯ ಕೀರ್ತಿ ಹಬ್ಬಿತು. ಯುರೋಪಿನಾದ್ಯಂತ ಸಾವಿರಕ್ಕೂ ಮಿಕ್ಕ ಶಾಖೆಗಳಾದವು. ೧೦೮೮ರಲ್ಲಿ ಆರಂಭವಾದ ಮಹಾದೇವಾಲಯದ ಉದ್ದ ೧೮೭ ಮೀಟರು. ರೋಮಿನಲ್ಲಿ ಸಂತ ಪೀಟರನ ಈಗಿನ ದೇವಾಲಯ ಏಳುವವರೆಗೆ ಕ್ರೈಸ್ತ ಜಗತ್ತಿನಲ್ಲಿ ಇದಕ್ಕಿಂತ ದೊಡ್ಡದಿರಲಿಲ್ಲ.

ಕಲ್ಲಿಗಿಂತ ದೊಡ್ಡವರೊಬ್ಬರು ಇಲ್ಲಿದ್ದರು. ೧೧೨೨ರಿಂದ ೧೧೫೬ರವರೆಗೆ ಪೀಠದಲ್ಲಿದ್ದ ಪಿಯೆರ್. ಜನ ಅವರನ್ನು 'ಪೂಜ್ಯ'ರೆಂದೇ ಕರೆದರು. ನಮ್ಮ ಬಸವಣ್ಣನವರ ಹಿರಿಯ ಸಮಕಾಲೀನರೆನ್ನಬಹುದು. ಅಬೆಲಾರ್ ಎಂಬ ಮಹಾತಾರ್ಕಿಕನ ಬೋಧನೆಯನ್ನು ಸಾನ್ಸ್ ನಗರದ ಧರ್ಮಸಭೆಯು ಖಂಡಿಸಿದಾಗ, ಪೋಪರಲ್ಲಿ ಮೊರೆಯಿಡಲು ರೋಮಿಗೆ ಹೊರಟ ಆ ವೃದ್ಧ ದಾರಿಯಲ್ಲಿ ಕ್ಲೂನಿಗೆ ಬಂದ. ಪಿಯೆರ್ ಅವನನ್ನು ಮಠದಲ್ಲಿ ಉಳಿಸಿಕೊಂಡರು; ಎದುರಾಳಿ ಬೆರ್ನಾರನೊಡನೆ ರಾಜಿ ಮಾಡಿಸಿದರು. ೧೧೪೨ರಲ್ಲಿ ಅಬೆಲಾರ್ ತೀರಿಕೊಂಡಾಗ, ಹಿಂದೊಮ್ಮೆ ಅವನ ಪತ್ನಿಯಾಗಿದ್ದು ಅನಂತರ ಸನ್ಯಾಸಿನಿಯಾದ ಎಲೊಯಿಸ್‌ಳಿಗೆ ಸಾಂತ್ವನದ ಪತ್ರ ಬರೆದು, ದೇಹವನ್ನು ಅವಳ ಆಶ್ರಮಕ್ಕೆ ಕಳುಹಿಸಿಕೊಟ್ಟರು. ಸಭೆ ತಳ್ಳಿದವನನ್ನು ಮಠವೊಂದು ಅಪ್ಪಿಕೊಂಡ ಈ ಪ್ರಸಂಗ ನನಗೆ ೧೮೭ ಮೀಟರಿಗಿಂತ ಹಿರಿದಾಗಿ ತೋರುತ್ತದೆ. ಕುರಾನನ್ನು ಮೊದಲಬಾರಿಗೆ ಲ್ಯಾಟಿನ್ ಭಾಷೆಗೆ ತರಿಸಿದವರೂ ಇವರೇ. ಉದ್ದೇಶ ಖಂಡನೆಯೇ ಆಗಿತ್ತು, ನಿಜ. ಆದರೆ ಪೂರ್ವಪಕ್ಷವನ್ನು ಓದದೆ ಸಿದ್ಧಾಂತ ಹೇಳಬಾರದೆಂಬ ಶಿಸ್ತು ಅವರಲ್ಲಿತ್ತು.

ಮುಂದಿನದು ನೋವಿನ ಕಥೆ. ದಾನಪತ್ರದ ಮಾತು ಮರೆತುಹೋಯಿತು. ಮಠಾಧಿಪತಿಯನ್ನು ನೇಮಿಸುವ ಅಧಿಕಾರ ಅರಸನ ಕೈಸೇರಿತು. ಹದಿನೇಳನೆಯ ಶತಮಾನದಲ್ಲಿ ರಾಜ್ಯದ ಮಂತ್ರಿಗಳಾಗಿದ್ದ ರಿಶೆಲ್ಯೂ ಹಾಗೂ ಮಝಾರಿನ್ ಈ ಪೀಠದ ಬಿರುದನ್ನೂ ಧರಿಸಿ ಆದಾಯ ಪಡೆದರು. ಗುರು ಊರಿನಲ್ಲಿಲ್ಲ, ಉತ್ಪತ್ತಿ ಮಾತ್ರ ಊರಿಂದ ಹೋಗುತ್ತಿದೆ ಎಂದಾದ ಮೇಲೆ ಭಕ್ತನಿಗೂ ಪೀಠಕ್ಕೂ ನಂಟೇನು? ನಮ್ಮಲ್ಲಿ ಮಠದ ಆಸ್ತಿಯ ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿದ ಸುದ್ದಿ ಓದುವಾಗಲೆಲ್ಲ ನನಗೆ ಕ್ಲೂನಿಯ ನೆನಪಾಗುತ್ತದೆ. ಮಹಾಕ್ರಾಂತಿಯಲ್ಲಿ ಮಠ ರದ್ದಾಯಿತು. ೧೭೯೮ರಲ್ಲಿ ಕಟ್ಟಡವನ್ನು ವ್ಯಾಪಾರಿಗಳಿಗೆ ಮಾರಿದರು. ಅವರು ದೇವಾಲಯದ ನಡುವೆಯೇ ಬೀದಿ ತೆಗೆದು, ಎರಡು ದಶಕಗಳಿಗೂ ಹೆಚ್ಚು ಕಾಲ ಕಲ್ಲು ಕಿತ್ತು ಮಾರಿದರು. ನೆಪೋಲಿಯನ್ನನ ಕಾಲದಲ್ಲಿ ಅಲ್ಲಿಯೇ ಕುದುರೆಗಳ ಸಾಕಣೆಯ ಲಾಯ ಎದ್ದಿತು. ಅದಕ್ಕೂ ಮಠದ ಕಲ್ಲೇ ಒದಗಿತು.

ಇಂದು ಉಳಿದಿರುವುದು ಹತ್ತರಲ್ಲೊಂದು ಪಾಲಿಗೂ ಕಡಿಮೆ: ದಕ್ಷಿಣದ ಒಂದು ತೋಳು, ಅದರ ಮೇಲೆ ಎಂಟು ಮೂಲೆಯ ಗಂಟೆಗೋಪುರ. ಒಳಗೆ ನಿಂತು ತಲೆಯೆತ್ತಿದರೆ ಛಾವಣಿ ಮೂವತ್ತು ಮೀಟರಿನಷ್ಟು ಎತ್ತರದಲ್ಲಿದೆ. ಕಳೆದುಹೋದದ್ದರ ಅಳತೆ ಆಗ ತಿಳಿಯುತ್ತದೆ. ಅಮೆರಿಕದ ವಿದ್ವಾಂಸ ಕೆನೆತ್ ಕೊನಂಟ್ ೧೯೨೮ರಿಂದ ಉತ್ಖನನ ನಡೆಸಿ ಮೂಲರೂಪವನ್ನು ಕಾಗದದ ಮೇಲೆ ಮರಳಿ ಕಟ್ಟಿದರು. ಗರ್ಭಗುಡಿಯ ಕಂಬಗಳ ಬೋದಿಗೆಗಳನ್ನು ಹಿಟ್ಟಿನ ಉಗ್ರಾಣವಾಗಿದ್ದ ಕಟ್ಟಡದಲ್ಲಿ ಇರಿಸಿದ್ದಾರೆ. ಮೇಲಿನ ಮರದ ಛಾವಣಿಯೋ ದೋಣಿಯನ್ನು ಬೋರಲು ಹಾಕಿದಂತಿದೆ.

ಸನ್ಯಾಸಿಗಳಿದ್ದ ಹದಿನೆಂಟನೆಯ ಶತಮಾನದ ಕಟ್ಟಡಗಳಲ್ಲಿ ಈಗ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಓದುತ್ತಾರೆ. ಉದ್ಯಾನದಲ್ಲಿ ಹಳೆಯ ಲಿಂಡೆನ್ ಮರವೊಂದಿದೆ. ಊರವರು ಅದನ್ನು ಕರೆಯುವುದು ಪೀಠಾಧಿಪತಿಗಳ ಹೆಸರಿನಿಂದಲ್ಲ, ಆಶ್ರಯ ಬೇಡಿ ಬಂದ ಅಬೆಲಾರನ ಹೆಸರಿನಿಂದ.